ಎರೆ ಹೊಲದ ಆಯಿಲ್ ಪೇಂಟಿಂಗ್ ಕೆಟ್ಟಾಗ: ದೋಷ ಯಾವಾಗ ಕಂಡಿತು ಅಂತ ಮೊದಲು ಕೇಳಿಕೊಳ್ಳಿ

ಚಿತ್ರ ಸರಿ ಬರಲಿಲ್ಲ ಅಂದ ಕೂಡಲೇ ಕಲಿಯುವವರು ಮಾಡುವುದು ಎರಡೇ ಕೆಲಸ. ಒಂದೋ ಅಂಗಡಿಗೆ ಹೋಗಿ ಇನ್ನೆರಡು ಟ್ಯೂಬ್ ತರುತ್ತಾರೆ, ಇಲ್ಲಾ ‘ನಮ್ಮ ಕೈಗೆ ಇದು ಒಗ್ಗಲ್ಲ ಬಿಡಿ’ ಅನ್ನುತ್ತಾರೆ. ಎರಡರಿಂದಲೂ ದೋಷ ಪತ್ತೆ ಆಗುವುದಿಲ್ಲ. ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಆ ದೋಷ ಕಣ್ಣಿಗೆ ಬಿದ್ದದ್ದು ಯಾವಾಗ?

ಹೊಲದ ಬದುವಿನ ಮೇಲೆ ಕೂತು ಬಣ್ಣ ಹಚ್ಚುವಾಗಲೇ ಕಂಡಿದ್ದರೆ ತಪ್ಪು ನೋಡುವುದರಲ್ಲಿದೆ, ಇಲ್ಲವೇ ಬಣ್ಣ ಕಲಸುವುದರಲ್ಲಿದೆ. ಅಲ್ಲಿ ಚೆನ್ನಾಗಿದ್ದದ್ದು ಮನೆಗೆ ತಂದ ಮೇಲೆ ಕೆಟ್ಟಿದ್ದರೆ ನೀವು ಕೂತಿದ್ದ ಜಾಗದ ಬೆಳಕನ್ನು ಅನುಮಾನಿಸಿ. ಒಂದೆರಡು ವಾರದೊಳಗೆ ಕೆಟ್ಟಿದ್ದರೆ ಎಣ್ಣೆ, ಬಣ್ಣ ತೆಳು ಮಾಡುವ ಟರ್ಪೆಂಟೈನ್, ಬಣ್ಣಕ್ಕೂ ಮೊದಲು ಕ್ಯಾನ್ವಾಸಿಗೆ ಬಳಿಯುವ ಪ್ರೈಮರ್ ಈ ಮೂರನ್ನು ನೋಡಿ. ತಿಂಗಳುಗಟ್ಟಲೆ ಆದ ಮೇಲೆ ಕೆಟ್ಟಿದ್ದರೆ ಪದರದ ಮೇಲೆ ಪದರ ಹಚ್ಚಿದ ಕ್ರಮ ತಪ್ಪಿದೆ. ಇಷ್ಟು ವಿಂಗಡಿಸಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಕಲಬುರಗಿ, ಬೀದರ್, ಯಾದಗಿರಿ ಸೀಮೆಯ ಬಿಸಿಲು, ಧೂಳು, ಮಣ್ಣನ್ನು ಲೆಕ್ಕಕ್ಕೆ ಇಟ್ಟುಕೊಂಡು ಒಂದೊಂದೇ ನೋಡೋಣ.

ಬಣ್ಣ ಹಚ್ಚುವಾಗಲೇ ಕಾಣುವ ದೋಷಗಳು

ಜೇವರ್ಗಿ, ಅಫಜಲಪುರ ಕಡೆಯ ಹೊಲದ ಚಿತ್ರ ತೆಗೆಯುವವರ ಮೊದಲ ದೂರು: ನೆಲ ನೆಲದ ಹಾಗೆ ಕಾಣುವುದಿಲ್ಲ, ಕ್ಯಾನ್ವಾಸಿಗೆ ತೂತು ಬಿದ್ದ ಹಾಗಿದೆ. ಕಾರಣ ಸರಳ. ಎರೆ ಅಂದರೆ ಕಪ್ಪು ಮಣ್ಣು, ಕಪ್ಪು ಅಂದರೆ ಐವರಿ ಬ್ಲ್ಯಾಕ್ ಟ್ಯೂಬ್ ಅಂತ ತಲೆಯಲ್ಲಿ ಕೂತಿರುತ್ತದೆ. ಕಣ್ಣು ನೋಡುವ ಮೊದಲೇ ತಲೆ ಬಣ್ಣ ಆರಿಸಿಬಿಡುತ್ತದೆ.

ಪರೀಕ್ಷೆ ಹೀಗೆ. ಒಂದು ಕಪ್ಪು ಮೊಬೈಲ್ ಕವರ್ ತೆಗೆದುಕೊಳ್ಳಿ. ಕೈ ಚಾಚಿ ಹೊಲಕ್ಕೆ ಅಡ್ಡ ಹಿಡಿಯಿರಿ. ನಿಮ್ಮ ಕಡೆಯ ಮುಖಕ್ಕೆ ಬಿಸಿಲು ಬೀಳಬಾರದು. ಒಂದು ಕಣ್ಣು ಮುಚ್ಚಿ, ಇನ್ನೊಂದನ್ನು ಕಿರಿದು ಮಾಡಿ ನೋಡಿ. ಕವರಿನ ಅಂಚಿನ ಪಕ್ಕದಲ್ಲೇ ಮಣ್ಣು ಎಷ್ಟು ತಿಳಿಯಾಗಿದೆ ಅಂತ ಆಗ ಗೊತ್ತಾಗುತ್ತದೆ. ಮಾರ್ಚ್ ತಿಂಗಳ ಮಧ್ಯಾಹ್ನ, ಒಣಗಿ ಬಿರುಕು ಬಿಟ್ಟ ಎರೆ ಬೂದಿ ಬಣ್ಣಕ್ಕೆ ಬಂದಿರುತ್ತದೆ. ಮೇಲಿನ ಆಕಾಶದ ತಣ್ಣನೆಯ ನೀಲಿಯೂ ಅದರಲ್ಲಿ ಸ್ವಲ್ಪ ಬೆರೆತಿರುತ್ತದೆ. ಆಗತಾನೆ ರಂಟೆ ಹೊಡೆದ ಹೊಲ ಮತ್ತು ಮಳೆ ಬಿದ್ದ ಮರುದಿನದ ಹೊಲ ಮಾತ್ರ ನಿಜಕ್ಕೂ ಗಾಢ.

ಸರಿಪಡಿಸುವುದು ಹೇಗೆ? ಕಪ್ಪು ಟ್ಯೂಬನ್ನು ಸದ್ಯಕ್ಕೆ ಡಬ್ಬಿಯಲ್ಲೇ ಬಿಡಿ. ಬರ್ನ್ಟ್ ಅಂಬರ್ (ಕಡು ಕಂದು) ಮತ್ತು ಅಲ್ಟ್ರಾಮರೀನ್ ನೀಲಿ ಕಲಸಿದರೆ ಕಪ್ಪಿನ ಹತ್ತಿರದ ಗಾಢ ಬಣ್ಣ ಸಿಗುತ್ತದೆ. ಅಂಬರ್ ಜಾಸ್ತಿ ಹಾಕಿದರೆ ಬೆಚ್ಚಗಾಗುತ್ತದೆ, ಅಲ್ಟ್ರಾಮರೀನ್ ಜಾಸ್ತಿಯಾದರೆ ತಣ್ಣಗಾಗುತ್ತದೆ. ಅದಕ್ಕೆ ಬಿಳಿ ಮತ್ತು ಒಂದು ಚೂರು ಯೆಲ್ಲೋ ಓಕರ್ (ಮಣ್ಣು ಹಳದಿ) ಸೇರಿಸಿ ಒಣ ಮಣ್ಣಿನ ಮಟ್ಟಕ್ಕೆ ತನ್ನಿ. ಬಿಳಿ ಸೇರಿಸದ ಗಾಢ ಬಣ್ಣವನ್ನು ಮೂರು ಕಡೆಗೆ ಮಾತ್ರ ಉಳಿಸಿಕೊಳ್ಳಿ: ಹತ್ತಿರದ ಬಿರುಕುಗಳ ಒಳಗೆ, ಬೇವಿನ ಬುಡದಲ್ಲಿ, ಮನೆಯ ತೆರೆದ ಬಾಗಿಲಿನ ಒಳಗತ್ತಲಿಗೆ. ಇಡೀ ಹೊಲಕ್ಕೇ ಅದನ್ನು ಬಳಿದರೆ ಬಾಗಿಲಿಗೆ ಹಚ್ಚಲು ಅದಕ್ಕಿಂತ ಗಾಢ ಬಣ್ಣ ಎಲ್ಲಿಂದ ತರುತ್ತೀರಿ?

ಇದೇ ತಪ್ಪು ತಿರುಗುಮುರುಗಾಗಿ ಶಹಾಬಾದ್ ಕಲ್ಲಿನಲ್ಲಿ ಆಗುತ್ತದೆ. ಚಿತ್ತಾಪುರ, ಸೇಡಂ ಕಡೆ ಮನೆ ಗೋಡೆ, ಬೇಲಿ, ಕಟ್ಟೆ ಎಲ್ಲ ಆ ಸುಣ್ಣದ ಕಲ್ಲೇ. ಕಲ್ಲು ಬೂದು ಬಣ್ಣದ್ದು ಅಂತ ಗೊತ್ತಿರುವುದರಿಂದ ಬೂದು ಹಚ್ಚುತ್ತೇವೆ. ಆದರೆ ನಡು ಮಧ್ಯಾಹ್ನ ಬಿಸಿಲು ಬಿದ್ದ ಹಾಸುಗಲ್ಲು ಹಿಂದಿನ ಆಕಾಶಕ್ಕಿಂತ ಬೆಳ್ಳಗೆ ಹೊಳೆಯುವುದೂ ಉಂಟು.

ಅನುಮಾನ ಬಂದಾಗ ಮೊಬೈಲನ್ನು ಕಪ್ಪು-ಬಿಳುಪು ಮೋಡಿಗೆ ಹಾಕಿ ಎರಡು ಫೋಟೋ ತೆಗೆಯಿರಿ, ಒಂದು ಎದುರಿನ ನೋಟದ್ದು, ಇನ್ನೊಂದು ಕ್ಯಾನ್ವಾಸಿನದು. ಪಕ್ಕಪಕ್ಕ ಇಟ್ಟು ನೋಡಿದರೆ ಸಾಮಾನ್ಯವಾಗಿ ಬಣ್ಣ ತಪ್ಪಿರುವುದಿಲ್ಲ, ಯಾವುದು ಎಷ್ಟು ಗಾಢ ಅನ್ನುವ ಅಳತೆ ತಪ್ಪಿರುತ್ತದೆ. ಅಳತೆ ಸರಿಯಿದ್ದರೆ ಹೊಲಕ್ಕೆ ನೇರಳೆ ಹಚ್ಚಿದರೂ ಅದು ಹೊಲವಾಗಿಯೇ ಕಾಣುತ್ತದೆ. ಒಂದು ಎಚ್ಚರಿಕೆ: ಮೊಬೈಲನ್ನು ಹೋಲಿಸುವುದಕ್ಕೆ ಬಳಸಿ, ನಕಲು ಮಾಡುವುದಕ್ಕೆ ಬೇಡ. ನಮ್ಮ ಬಿಸಿಲಿಗೆ ಕ್ಯಾಮೆರಾ ನೆರಳನ್ನೆಲ್ಲ ಕಪ್ಪು ಮಾಡಿಬಿಡುತ್ತದೆ. ನಿಜವಾದ ನೆರಳಿನಲ್ಲಿ ಆಕಾಶದ ನೀಲಿ ಇರುತ್ತದೆ, ನೆಲದಿಂದ ಪುಟಿದ ಬೆಳಕೂ ಇರುತ್ತದೆ. ಬೀದರ್ ಕೋಟೆಯ ಗೋಡೆಯ ನೆರಳಿನ ಬದಿ ನೋಡಿ. ಕೆಳಗಿನ ಕೆಂಪು ನೆಲದ ಬೆಳಕು ತಾಗಿ ಗೋಡೆಯ ಬುಡ ಮೇಲ್ಭಾಗಕ್ಕಿಂತ ಬೆಚ್ಚಗಿರುತ್ತದೆ. ಯಾವ ಫೋಟೋದಲ್ಲೂ ಅದು ನೆಟ್ಟಗೆ ಬರುವುದಿಲ್ಲ.

ಎರಡನೆಯ ದೂರು, ಚಿತ್ರದಲ್ಲಿ ದೂರ ಇಲ್ಲ ಅನ್ನುವುದು. ಬಯಲು ಸೀಮೆಯಲ್ಲಿ ಇದು ಸಹಜ. ಮಲೆನಾಡಿನವರಿಗೆ ಗುಡ್ಡದ ಹಿಂದೆ ಗುಡ್ಡ ಇದೆ, ನಮಗೆ ಹೊಲದ ಹಿಂದೆ ಹೊಲ. ದೂರದ್ದು ನೀಲಿ ಆಗುತ್ತದೆ ಅಂತ ಎಲ್ಲ ಕಡೆ ಹೇಳಿಕೊಡುತ್ತಾರೆ. ಮಳೆಗಾಲ ಮುಗಿದು ಗಾಳಿ ತೊಳೆದಂತಿರುವ ಅಕ್ಟೋಬರ್, ನವೆಂಬರಿನಲ್ಲಿ ಅದು ಸರಿ. ಏಪ್ರಿಲಿನಲ್ಲಿ ಅದೇ ನೀಲಿ ಹಚ್ಚಿ ನೋಡಿ, ದೂರದ ಸಾಲು ಬೇರೆ ಯಾವುದೋ ಊರಿನದಾಗಿ ಕಾಣುತ್ತದೆ. ಆಗ ಗಾಳಿಯ ತುಂಬ ಧೂಳು. ದೂರದ್ದೆಲ್ಲ ಹಳದಿ ಮಿಶ್ರಿತ ಬಿಳುಪಿಗೆ ತಿರುಗುತ್ತದೆ, ನೆಲ ಎಲ್ಲಿ ಮುಗಿದು ಆಕಾಶ ಎಲ್ಲಿ ಶುರುವಾಯಿತು ಅನ್ನುವ ಗೆರೆಯೇ ಕರಗಿರುತ್ತದೆ. ಹಾಗಾಗಿ ದೂರ ತೋರಿಸಲು ನೀಲಿಯನ್ನು ನಂಬಬೇಡಿ, ಅಂಚನ್ನು ನಂಬಿ. ದೂರದ ಗೆರೆಯನ್ನು ಒಣ ಬ್ರಷ್‌ನಿಂದ ಮೆದು ಮಾಡಿ, ಹತ್ತಿರದ ಬದುವಿನ ಅಂಚನ್ನು ಮಾತ್ರ ಚೂಪಾಗಿ ಬಿಡಿ. ಸಾಲುಗಳು ದೂರ ಹೋದಂತೆ ಒಂದಕ್ಕೊಂದು ಹತ್ತಿರ ಬರಬೇಕು. ಸಮಾನ ಅಂತರದಲ್ಲಿ ಗೆರೆ ಎಳೆದರೆ ಹೊಲ ಎದ್ದು ಗೋಡೆಯಾಗಿ ನಿಲ್ಲುತ್ತದೆ. ಇನ್ನೊಂದು ಮಾತು, ದಿಗಂತದ ಗೆರೆ ಕ್ಯಾನ್ವಾಸಿನ ಸರಿ ಮಧ್ಯದಲ್ಲಿದ್ದರೆ ಮೇಲಕ್ಕೋ ಕೆಳಕ್ಕೋ ಸರಿಸಿ. ಚಿತ್ರ ಆಕಾಶದ್ದೋ ನೆಲದ್ದೋ ಮೊದಲು ನಿರ್ಧಾರ ಆಗಲಿ.

ಹಸಿರು ಕೂಗುತ್ತಿದೆ ಅನ್ನುವುದು ಮೂರನೆಯದು. ಇಲ್ಲಿ ಮೊದಲು ಎಲ್ಲಿ ಕೂತಿದ್ದೀರಿ ಅಂತ ನೋಡಿ. ನಾರಾಯಣಪುರ ಕಾಲುವೆ ನೀರು ಹರಿಯುವ ಶಹಾಪುರ, ಸುರಪುರದ ಭತ್ತದ ಗದ್ದೆ ನಿಜಕ್ಕೂ ಕಣ್ಣು ಕುಕ್ಕುವ ಹಸಿರು. ಅಲ್ಲಿ ಹಳದಿ ಜಾಸ್ತಿ ಇರುವ ಹಸಿರು ಹಾಕಿದರೆ ತಪ್ಪಲ್ಲ. ಆದರೆ ಅದೇ ಹಸಿರನ್ನು ತೊಗರಿ ಹೊಲಕ್ಕೆ ಹಚ್ಚಿದರೆ ಮುಗಿಯಿತು. ಒಂದು ತೊಗರಿ ಎಲೆ ಕಿತ್ತು ಬೆರಳ ಮೇಲಿಟ್ಟು ನೋಡಿ. ಮೇಲಿನ ಮುಖ ಮಾಸಲು ಹಸಿರು. ತಿರುಗಿಸಿದರೆ ಸಣ್ಣ ಕೂದಲು ಮುಚ್ಚಿದ ಬೂದು ಹಸಿರು, ಬೆಳ್ಳಿಯ ಛಾಯೆ. ಗಾಳಿ ಬೀಸಿದಾಗ ಹೊಲದ ಅರ್ಧ ಎಲೆಗಳು ಆ ಕೆಳಮುಖವನ್ನೇ ತೋರಿಸುತ್ತವೆ. ಇದಕ್ಕೆ ಟ್ಯೂಬಿನ ವಿರಿಡಿಯನ್, ಸ್ಯಾಪ್ ಗ್ರೀನ್ ಯಾವುದೂ ನೇರವಾಗಿ ಒಗ್ಗುವುದಿಲ್ಲ. ಪಕ್ಕಕ್ಕಿಟ್ಟ ಐವರಿ ಬ್ಲ್ಯಾಕ್ ಈಗ ಕೆಲಸಕ್ಕೆ ಬರುತ್ತದೆ. ಯೆಲ್ಲೋ ಓಕರ್ ಜೊತೆ ಅದನ್ನು ಸ್ವಲ್ಪವೇ ಕಲಸಿ. ಒಣ ಸೀಮೆಯ ಹಸಿರು ಅದು, ಬಿಳಿ ಬೆರೆಸಿದರೆ ತೊಗರಿ. ಟ್ಯೂಬಿನ ಹಸಿರೇ ಬೇಕು ಅನ್ನುವವರು ಅದಕ್ಕೆ ಚಿಟಿಕೆ ಬರ್ನ್ಟ್ ಸಿಯೆನ್ನಾ (ಕೆಂಪು ಕಂದು) ಹಾಕಿ ಅಬ್ಬರ ತಗ್ಗಿಸಲಿ.

ಬೀದರಿನ ಕೆಂಪು ನೆಲಕ್ಕೂ ಇದೇ ಉಪಾಯ: ಹತ್ತಿರದ್ದಕ್ಕೆ ಬರ್ನ್ಟ್ ಸಿಯೆನ್ನಾ ಸಾಕು, ದೂರದ್ದಕ್ಕೆ ಬಿಳಿ ಮತ್ತು ಒಂದು ಹನಿ ಅಲ್ಟ್ರಾಮರೀನ್ ಸೇರಿಸಿ ಗುಲಾಬಿ ಕಡೆಗೆ ತಿರುಗಿಸಿ.

ಇನ್ನು ಎಲ್ಲ ಬಣ್ಣ ಸೇರಿ ರಾಡಿ ಆಗುವುದು. ಮೂರು ಬಣ್ಣಕ್ಕಿಂತ ಹೆಚ್ಚು ಕಲಸಿದ್ದೀರಾ? ಬ್ರಷ್ ಒರೆಸದೆ ಆಕಾಶದಿಂದ ನೆಲಕ್ಕೆ ಬಂದಿರಾ? ಹಾಗಿಲ್ಲ ಅಂದರೆ ಹಚ್ಚಿದ್ದನ್ನೇ ಮತ್ತೆ ಮತ್ತೆ ತಿಕ್ಕುತ್ತಿದ್ದೀರಿ. ಈ ತಿಕ್ಕುವ ಚಟ ನಮ್ಮ ಕಡೆ ಸ್ವಲ್ಪ ಜಾಸ್ತಿ ಅಂತ ನನ್ನ ಅನಿಸಿಕೆ. ಪುರಾಣದ ಚಿತ್ರ, ಕ್ಯಾಲೆಂಡರ್, ಸಿನಿಮಾ ಪೋಸ್ಟರ್‌ಗಳಿಗೆ ದೇಶಕ್ಕೇ ಹೆಸರಾದ ಎಸ್.ಎಂ. ಪಂಡಿತ್ (1916–1993) ಕಲಬುರಗಿಯವರು. ಆ ನುಣುಪು ನೋಡಿ ಬೆಳೆದವರಿಗೆ ಬ್ರಷ್ ಗುರುತು ಕಂಡರೆ ಚಿತ್ರ ಮುಗಿದಿಲ್ಲ ಅನಿಸುತ್ತದೆ. ದೇವರ ಕೆನ್ನೆಗೆ ಆ ನುಣುಪು ಸರಿ, ಜೋಳದ ಕೂಳೆಗೆ ಅಲ್ಲ ಅಲ್ವಾ? ಒಂದು ಸಲ ಹಚ್ಚಿ ಬಿಟ್ಟುಬಿಡಿ. ತಪ್ಪಿದ್ದರೆ ಚಾಕುವಿನಿಂದ ಕೆರೆದು ತೆಗೆದು ಮತ್ತೆ ಹಚ್ಚಿ. ಹಸಿ ಬಣ್ಣದ ಮೇಲೆ ಹಸಿ ಬಣ್ಣ ತಿಕ್ಕಿ ಸರಿಮಾಡಲು ಹೋದರೆ ರಾಡಿಯೇ ಗತಿ.

ಮರ ಕೋಲಿಗೆ ಸಿಕ್ಕಿಸಿದ ಚೆಂಡಾಗಿದ್ದರೆ ಎಲೆ ಎಲೆ ಬಿಡಿಸುವುದನ್ನು ನಿಲ್ಲಿಸಿ. ಮೊದಲು ಇಡೀ ಮರದ ನೆರಳಿನ ಭಾಗವನ್ನು ಒಂದೇ ಬಣ್ಣದಲ್ಲಿ ತುಂಬಿ. ಮೇಲೆ ಬಿಸಿಲಿನ ಭಾಗ. ಕೊನೆಗೆ ಕೊಂಬೆಗಳ ನಡುವೆ ಆಕಾಶದ ಕಿಂಡಿಗಳು. ಆ ಕಿಂಡಿಗೆ ಆಕಾಶದ ಬಣ್ಣವನ್ನೇ ಹಚ್ಚಿದರೆ ಅದು ಹಿಂದೆ ನಿಲ್ಲದೆ ಮುಂದಕ್ಕೆ ಹಾರುತ್ತದೆ. ಒಂದು ಹಂತ ಗಾಢ ಮಾಡಿ. ಬೇವಿಗೆ ಕಿಂಡಿ ಕಡಿಮೆ ಸಾಕು, ಜಾಲಿಗೆ ಎಷ್ಟಿದ್ದರೂ ನಡೆಯುತ್ತದೆ.

ಮನೆಗೆ ತಂದ ಮೇಲೆ ಕಾಣುವ ದೋಷಗಳು

ಹೊಲದಲ್ಲಿ ಝಗ್ ಅಂತಿದ್ದ ಚಿತ್ರ ಮನೆಯ ಗೋಡೆಗೆ ಬಂದ ಕೂಡಲೇ ಕತ್ತಲಾಗುತ್ತದೆ. ಬಣ್ಣ ಇಳಿದುಹೋಯಿತು ಅಂತ ತಿಳಿಯಬೇಡಿ. ಕ್ಯಾನ್ವಾಸಿನ ಮೇಲೆ ನೇರ ಬಿಸಿಲು ಬಿದ್ದಿತ್ತು, ಅಷ್ಟೇ. ಬಿಸಿಲು ಬಿದ್ದ ಬಣ್ಣ ಇದ್ದದ್ದಕ್ಕಿಂತ ತಿಳಿಯಾಗಿ ಕಾಣುತ್ತದೆ, ಅದಕ್ಕೆ ನೀವು ಗಾಢವಾಗಿ ಕಲಸಿರುತ್ತೀರಿ. ತಗಡಿನ ಶೆಡ್ಡಿನ ಕತ್ತಲಲ್ಲಿ ಕೂತು ಹೊರಗಿನದನ್ನು ತೆಗೆದವರಿಗೆ ಇದರ ಉಲ್ಟಾ ಆಗುತ್ತದೆ, ಚಿತ್ರ ಬೆಳ್ಳಗೆ ಸಪ್ಪೆ. ಕ್ಯಾನ್ವಾಸ್ ಮತ್ತು ಪ್ಯಾಲೆಟ್ ಎರಡೂ ಒಂದೇ ನೆರಳಿನಲ್ಲಿರಬೇಕು, ಆ ನೆರಳು ಬಯಲಿನ ಬೆಳಕು ಬರುವಂಥದ್ದಾಗಿರಬೇಕು. ಮರದ ಕೆಳಗಾದರೆ ಅಂಚಿನಲ್ಲಿ ಕೂರಿ. ಎಲೆಗಳ ನಡುವಿನಿಂದ ಕ್ಯಾನ್ವಾಸಿನ ಮೇಲೆ ಬಿಸಿಲಿನ ಚುಕ್ಕೆ ಬಿದ್ದರೆ ಅಲ್ಲಿ ಏನು ಹಚ್ಚುತ್ತಿದ್ದೀರಿ ಅಂತ ದೇವರಿಗೂ ಗೊತ್ತಾಗುವುದಿಲ್ಲ.

ಮನೆಯಲ್ಲಿ ನೋಡಿದರೆ ಇಡೀ ಚಿತ್ರಕ್ಕೆ ಒಂದೇ ಬಣ್ಣದ ಛಾಯೆ ಬಂದಿದೆಯೇ? ಮೇಲೆ ಏನು ಕಟ್ಟಿದ್ದಿರಿ ಅಂತ ನೆನಪಿಸಿಕೊಳ್ಳಿ. ನೀಲಿ ತಾಡಪತ್ರಿಯ ಕೆಳಗೆ ಕೂತರೆ ಎಲ್ಲವೂ ನೀಲಿಯಾಗಿ ಕಾಣುತ್ತದೆ, ಕೈ ತಾನಾಗಿ ಕೆಂಪು, ಹಳದಿ ಜಾಸ್ತಿ ಸೇರಿಸುತ್ತದೆ. ಹೂವಿನ ಡಿಸೈನಿನ ಕೆಂಪು ಛತ್ರಿಯ ಕೆಳಗೆ ಇದರ ಉಲ್ಟಾ. ಬೆಳಕು ಒಳಗೆ ಇಳಿಯದ ಕಪ್ಪು ಛತ್ರಿಯೇ ಒಳ್ಳೆಯದು. ತೊಟ್ಟ ಅಂಗಿಯೂ ಮಾಸಲು ಬಣ್ಣದ್ದಿರಲಿ. ಕಡು ಕೇಸರಿ ಅಂಗಿಯ ಬೆಳಕು ಹಸಿ ಬಣ್ಣದ ಮೇಲೆ ಪುಟಿಯುತ್ತದೆ.

ನೆರಳುಗಳು ಎರಡು ದಿಕ್ಕಿಗೆ ಬಿದ್ದಿದ್ದರೆ ನೀವು ಜಾಸ್ತಿ ಹೊತ್ತು ಕೂತಿದ್ದೀರಿ. ಬೆಳಗಿನ ಬೆಳಕು ಎರಡು ತಾಸಿನ ಮೇಲೆ ಹಾಗೇ ಇರುವುದಿಲ್ಲ. ಕೂತ ಕೂಡಲೇ ನೆರಳುಗಳ ಗಡಿ ಗುರುತಿಸಿ, ಆಮೇಲೆ ಸೂರ್ಯ ಏನು ಮಾಡಿದರೂ ಆ ಗಡಿ ಬದಲಿಸಬೇಡಿ.

ಒಂದೆರಡು ವಾರದಲ್ಲಿ ಕಾಣುವ ದೋಷಗಳು

ಬಣ್ಣ ಒಣಗುತ್ತಿಲ್ಲ. ಹತ್ತು ದಿನ ಆದರೂ ಬೆರಳಿಗೆ ಅಂಟುತ್ತದೆ. ಇಲ್ಲಿ ಮೊದಲ ಪ್ರಶ್ನೆ, ಯಾವ ಎಣ್ಣೆ ಹಾಕಿದಿರಿ? ಎಣ್ಣೆಗಳ ಸೀಮೆ ನಮ್ಮದು. ಶೇಂಗಾ, ಕುಸುಬಿ, ಅಗಸೆ, ಸೂರ್ಯಕಾಂತಿ ಎಲ್ಲ ಹೊಲದಲ್ಲೇ ಬೆಳೆಯುತ್ತವೆ. ಮನೆಯಲ್ಲಿದ್ದದ್ದನ್ನೇ ಹಾಕೋಣ ಅಂತ ಮನಸ್ಸಾಗುವುದು ಸಹಜ. ಆದರೆ ಆಯಿಲ್ ಕಲರ್ ಒಣಗುವುದು ನೀರು ಆರಿದ ಹಾಗಲ್ಲ. ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿ ಪೊರೆಯಾಗುತ್ತದೆ. ಲಿನ್‌ಸೀಡ್ ಅಂದರೆ ನಮ್ಮ ಅಗಸೆ ಎಣ್ಣೆ ಇದರಲ್ಲಿ ಮುಂದು. ಒಣಗುವಾಗ ಅದರ ತೂಕ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಶೇಂಗಾ, ಕೊಬ್ಬರಿ, ಹರಳೆಣ್ಣೆ ಹೀಗೆ ಗಟ್ಟಿಯಾಗುವ ಜಾತಿಯವೇ ಅಲ್ಲ. ಶೇಂಗಾ ಎಣ್ಣೆ ಕಲಸಿದ ಬಣ್ಣ ಈ ವರ್ಷವೂ ಒಣಗುವುದಿಲ್ಲ, ಮುಂದಿನ ವರ್ಷವೂ ಒಣಗುವುದಿಲ್ಲ. ಕೆರೆದು ತೆಗೆಯುವುದೊಂದೇ ದಾರಿ.

ಕುಸುಬಿ ಎಣ್ಣೆ ಮಧ್ಯದ್ದು. ಅಗಸೆಗಿಂತ ನಿಧಾನ ಒಣಗುತ್ತದೆ, ಆದರೆ ಕಡಿಮೆ ಹಳದಿಯಾಗುತ್ತದೆ. ಅದಕ್ಕೇ ಕೆಲವು ಕಂಪನಿಗಳು ಬಿಳಿ ಬಣ್ಣವನ್ನು ಕುಸುಬಿ ಎಣ್ಣೆಯಲ್ಲೇ ಅರೆಯುತ್ತವೆ. ಹಾಗಂತ ಅಡುಗೆಮನೆಯ ಡಬ್ಬಿ ಸುರಿಯಬೇಡಿ. ಬೇಗ ಕಮಟು ಬರಬಾರದು ಅಂತ ಕೆಲವು ರಿಫೈನ್ಡ್ ಎಣ್ಣೆಗಳಿಗೆ ಆಮ್ಲಜನಕವನ್ನು ತಡೆಯುವ ಪದಾರ್ಥ ಸೇರಿಸಿರುತ್ತಾರೆ. ಒಗ್ಗರಣೆಗೆ ಅದು ಒಳ್ಳೆಯದು, ಚಿತ್ರಕ್ಕೆ ಅಲ್ಲ. ಗಾಣದ ಹಸಿ ಅಗಸೆ ಎಣ್ಣೆಯೂ ಬೇಡ. ಅದರಲ್ಲಿ ಲೋಳೆಯಂಥ ಮಡ್ಡಿ ಇರುತ್ತದೆ, ಬಣ್ಣ ನಿಧಾನವಾಗಿ ಒಣಗುತ್ತದೆ, ಆಮೇಲೆ ಕಂದು ಹಳದಿಗೆ ತಿರುಗುತ್ತದೆ. ಅಗಸೆಯನ್ನು ಚಟ್ನಿಪುಡಿಗೆ ಇಟ್ಟುಕೊಂಡು, ಚಿತ್ರಕ್ಕೆ ಕಲಾ ಸಾಮಗ್ರಿ ಅಂಗಡಿಯ ಶುದ್ಧ ಮಾಡಿದ ಲಿನ್‌ಸೀಡ್ ತನ್ನಿ.

ಎಣ್ಣೆ ಸರಿಯಿದ್ದೂ ಒಣಗಿಲ್ಲ ಅಂದರೆ ಬಣ್ಣ ನೋಡಿ. ಅಂಬರ್ ಬೇಗ ಒಣಗುತ್ತದೆ. ಐವರಿ ಬ್ಲ್ಯಾಕ್, ಅಲಿಜರಿನ್ ಕೆಂಪು, ಕ್ಯಾಡ್ಮಿಯಂ ಕೆಂಪು, ಹಳದಿ ತಡ. ಒಂದೇ ಚಿತ್ರದಲ್ಲಿ ನೆಲ ಒಣಗಿ ಹೂವು ಅಂಟುತ್ತಿದ್ದರೆ ಗಾಬರಿ ಬೇಡ, ಕಾಯಿರಿ.

ಟರ್ಪೆಂಟೈನ್ ಪರೀಕ್ಷೆ ಇನ್ನೂ ಸುಲಭ. ಬಿಳಿ ಕಾಗದದ ಮೇಲೆ ಒಂದು ಹನಿ ಬಿಟ್ಟು ಗಾಳಿಗೆ ಒಣಗಿಸಿ. ಗುರುತಿಲ್ಲದೆ ಹಾರಿಹೋದರೆ ಒಳ್ಳೆಯದು. ಜಿಡ್ಡಿನ ಕಲೆ ಉಳಿದರೆ ಅದು ಕಲಬೆರಕೆ, ಇಲ್ಲವೇ ಹಳತಾಗಿ ಅಂಟಾಗಿದೆ. ಕೈ ತೊಳೆಯಲೂ ಅದನ್ನು ಬಳಸಬೇಡಿ.

ಅಲ್ಲಲ್ಲಿ ಹೊಳಪು ಹೋಗಿ ಮಂಕು ಕಲೆ ಬಿದ್ದಿದೆ ಅನ್ನುವುದು ಇನ್ನೊಂದು ದೂರು. ಅಂಬರ್ ಹಚ್ಚಿದ ಗಾಢ ಜಾಗದಲ್ಲಿ ಇದು ಜಾಸ್ತಿ. ಬೆರಳಿಗೆ ಚೂರು ನೀರು ಹಚ್ಚಿಕೊಂಡು ಆ ಜಾಗ ಸವರಿ. ಆ ಕ್ಷಣಕ್ಕೆ ಬಣ್ಣ ಮರಳಿ ಗಾಢವಾದರೆ ಬಣ್ಣ ಕೆಟ್ಟಿಲ್ಲ, ಕೆಳಗಿನ ಪದರ ಎಣ್ಣೆ ಕುಡಿದಿದೆ. ಮುಟ್ಟಿದರೆ ಅಂಟದಷ್ಟು ಒಣಗಿದ ಮೇಲೆ ಲಿನ್‌ಸೀಡ್ ಮತ್ತು ಟರ್ಪೆಂಟೈನ್ ಸಮ ಸಮ ಬೆರೆಸಿ, ಮೆತ್ತನೆಯ ಬಟ್ಟೆಯಲ್ಲಿ ತೆಳ್ಳಗೆ ಸವರಿ, ಉಳಿದದ್ದನ್ನು ಒರೆಸಿ ತೆಗೆಯಿರಿ. ಮೂಲ ಕಾರಣ ಪ್ರೈಮರ್. ಗೋಡೆಯ ಡಿಸ್ಟೆಂಪರ್ ಬಳಿದ ಕ್ಯಾನ್ವಾಸ್ ಎಣ್ಣೆಯನ್ನೆಲ್ಲ ಹೀರುತ್ತದೆ, ಮುಂದೆ ಪುಡಿಪುಡಿಯಾಗಿ ಉದುರುವುದೂ ಅದೇ. ಅದರ ಬದಲು ಅಕ್ರಿಲಿಕ್ ಗೆಸೋ (ಕ್ಯಾನ್ವಾಸಿನ ಪ್ರೈಮರ್) ಎರಡು ಮೂರು ಕೋಟ್ ಬಳಿದು, ನಡುನಡುವೆ ಸಣ್ಣ ಮರಳು ಕಾಗದದಿಂದ ತಿಕ್ಕಿ. ಪ್ರೈಮರೇ ಇಲ್ಲದ ಬಟ್ಟೆಗೆ ಮಾತ್ರ ಹಚ್ಚಬೇಡಿ, ಎಣ್ಣೆ ತಾಗಿದ ಬಟ್ಟೆ ಕಾಲಕ್ರಮದಲ್ಲಿ ಕೊಳೆತು ಪುಡಿಯಾಗುತ್ತದೆ.

ಮೇಲ್ಮೈ ಸುಕ್ಕುಗಟ್ಟಿದ್ದರೆ ಎಣ್ಣೆ ಜಾಸ್ತಿಯಾಗಿದೆ. ಧೂಳು ಅಂಟಿದ್ದರೆ ಹಸಿಯಲ್ಲಿ ಒರೆಸಬೇಡಿ, ಒಣಗಿದ ಮೇಲೆ ಮೆತ್ತನೆಯ ಬ್ರಷ್‌ನಿಂದ ಕೊಡವಿ.

ದೋಷ ಅಲ್ಲದಿದ್ದರೂ ಇಲ್ಲಿ ಹೇಳಲೇಬೇಕಾದ ಒಂದು ಮಾತಿದೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ 42–43 ಡಿಗ್ರಿ ಬಿಸಿಲು. ಟರ್ಪೆಂಟೈನ್‌ನಿಂದ ಬೆಂಕಿ ಹೊತ್ತಬಲ್ಲ ಆವಿ ಏಳಲು 35 ಡಿಗ್ರಿ ಆಸುಪಾಸು ಸಾಕು. ಬಾಟಲಿಯನ್ನು ಬೈಕಿನ ಡಬ್ಬಿಯಲ್ಲಿಟ್ಟು ಬಿಸಿಲಿಗೆ ನಿಲ್ಲಿಸಬೇಡಿ. ಲಿನ್‌ಸೀಡ್ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ ಒಣಗುವಾಗಿನ ಕಾವು ಒಳಗೇ ಕೂಡಿ, ಕಡ್ಡಿ ಗೀರದೆಯೂ ತಾನಾಗಿ ಹೊತ್ತಿಕೊಳ್ಳಬಹುದು. ನೀರು ತುಂಬಿದ ತಗಡಿನ ಡಬ್ಬಿಯಲ್ಲಿ ಮುಳುಗಿಸಿಡಿ, ಇಲ್ಲಾ ಹೊರಗೆ ತಂತಿಯ ಮೇಲೆ ಒಂದೊಂದೇ ಹರವಿ.

ತಿಂಗಳುಗಳ ಮೇಲೆ ಕಾಣುವ ದೋಷಗಳು

ಬಿರುಕು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಜಾಸ್ತಿ ಇರಬೇಕು. ಇದು ಉಲ್ಟಾ ಆದರೆ ಮೇಲಿನದು ಬೇಗ ಗಟ್ಟಿಯಾಗುತ್ತದೆ, ಕೆಳಗಿನದು ಇನ್ನೂ ಮಿಸುಕಾಡುತ್ತಿರುತ್ತದೆ, ಮೇಲಿನದು ಸೀಳುತ್ತದೆ. ಟರ್ಪೆಂಟೈನ್ ಬೆರೆಸಿದ ತೆಳು ಬಣ್ಣದಿಂದ ಶುರು ಮಾಡಿ, ಆಮೇಲೆ ಟ್ಯೂಬಿನ ಬಣ್ಣ ಹಾಗೇ, ಎಣ್ಣೆ ಬೆರೆಸುವುದು ಕೊನೆಗೆ. ನಿಧಾನ ಒಣಗುವ ಐವರಿ ಬ್ಲ್ಯಾಕನ್ನು ಅಡಿಪದರಕ್ಕೆ ದಪ್ಪಗೆ ಬಳಿಯುವುದೂ ಇದೇ ತಪ್ಪು. ಎರೆ ಹೊಲ ತೆಗೆಯುವವರು ಇದನ್ನು ನೆನಪಿಡಬೇಕು.

ಆಕಾಶ ಮಾತ್ರ ಬಿರುಕು ಬಿಟ್ಟು ಚಕ್ಕೆ ಏಳುತ್ತಿದ್ದರೆ ಬಿಳಿ ಟ್ಯೂಬ್ ತಿರುಗಿಸಿ ಓದಿ. ಅದರ ಮೇಲೆ ಬಣ್ಣದ ಪುಡಿಯ ಗುರುತು ಸಂಖ್ಯೆ ಇರುತ್ತದೆ: ಪಿಡಬ್ಲ್ಯು 4 (PW4) ಅಂದರೆ ಜಿಂಕ್, ಪಿಡಬ್ಲ್ಯು 6 (PW6) ಅಂದರೆ ಟೈಟಾನಿಯಂ. ಜಿಂಕ್ ವೈಟ್ ಎಣ್ಣೆಯಲ್ಲಿ ವರ್ಷ ಕಳೆದಂತೆ ಪೆಡಸಾಗುತ್ತದೆ. ಸುತ್ತಿಟ್ಟ ಕ್ಯಾನ್ವಾಸಿನಲ್ಲಂತೂ ಬೇಗ ಒಡೆಯುತ್ತದೆ. ಒಡೆದದ್ದನ್ನು ಕೂಡಿಸಲು ಮನೆಯಲ್ಲಿ ಉಪಾಯ ಇಲ್ಲ. ಮುಂದಿನ ಚಿತ್ರಕ್ಕೆ ಟೈಟಾನಿಯಂ ತನ್ನಿ.

ಹಾಳೆ ಹಾಳೆಯಾಗಿ ಏಳುತ್ತಿದೆಯೇ? ಆಯಿಲ್ ಮೇಲೆ ಅಕ್ರಿಲಿಕ್ (ನೀರಿನಲ್ಲಿ ಕಲಸುವ ಬಣ್ಣ) ಹಚ್ಚಿದ್ದೀರಿ. ಅಕ್ರಿಲಿಕ್ ಮೇಲೆ ಆಯಿಲ್ ನಡೆಯುತ್ತದೆ, ಆಯಿಲ್ ಮೇಲೆ ಅಕ್ರಿಲಿಕ್ ಹಿಡಿಯುವುದಿಲ್ಲ.

ಕಪಾಟಿನ ಹಿಂದೆ, ಗೋಡೆಗೆ ಮುಖ ಮಾಡಿ ಇಟ್ಟಿದ್ದ ಚಿತ್ರದ ಬಿಳಿ ಹಳದಿಯಾಗಿದ್ದರೆ ಅದು ಸುಲಭದ ರೋಗ. ಲಿನ್‌ಸೀಡ್ ಕತ್ತಲಲ್ಲಿ ಹಳದಿಯಾಗುತ್ತದೆ, ಬೆಳಕಿಗೆ ಬಂದರೆ ಬಹಳಷ್ಟು ತಿಳಿಯಾಗುತ್ತದೆ. ನೇರ ಬಿಸಿಲು ಬೀಳದ ಕಿಟಕಿಯ ಪಕ್ಕ ಕೆಲವು ವಾರ ಇಡಿ.

ವಾರ್ನಿಷ್ ಮೇಲೆ ಬಿಳಿ ಮಂಜು ಕವಿದಿದ್ದರೆ ತೇವದ ದಿನ ಹಚ್ಚಿದ್ದೀರಿ. ಚಿತ್ರ ಮುಗಿದು ಆರು ತಿಂಗಳಿಂದ ಒಂದು ವರ್ಷ ಆಗಲಿ. ಮಳೆಗಾಲ ದಾಟಿದ ಒಣ ದಿನ ಆರಿಸಿ, ಮುಂಜಾನೆ, ಫ್ಯಾನ್ ನಿಲ್ಲಿಸಿದ ಕೋಣೆಯಲ್ಲಿ ತೆಳ್ಳಗೆ ಒಂದೇ ಕೋಟ್ ಹಚ್ಚಿ. ಅಂಟು ಆರುವವರೆಗೆ ಚಿತ್ರವನ್ನು ಗೋಡೆಯ ಕಡೆಗೆ ಮುಖ ಮಾಡಿ ಸ್ವಲ್ಪ ಓರೆಯಾಗಿ ನಿಲ್ಲಿಸಿದರೆ ಧೂಳು ಕೂರುವುದಿಲ್ಲ.